ಮಾಳಿಗೆಯ ಮೇಲಿನ ಮಣ್ಣು

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಇಂಗಳೇಶ್ವರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಳಗೆ ಮಲಗಿದವಳಲ್ಲ. ಬೇಸಿಗೆಯಲ್ಲಿ ಅಂಗಳದ ಹೊರಸು, ಮಳೆಗಾಲದಲ್ಲಿ ದನದ ಪತ್ರಾಸಿನ, ಅಂದರೆ ತಗಡಿನ ಚಪ್ಪರದ, ಕೆಳಗೊಂದು ಮೂಲೆ. ಹೊಸದರಲ್ಲಿ ಓಣಿಯ ಹೆಂಗಸರು ಕಾಡಿಸುತ್ತಿದ್ದರು.

"ಏನವಾ, ಮನಿ ಬ್ಯಾಡಾಗೇತೋ, ಗಂಡ ಬ್ಯಾಡಾಗ್ಯಾನೋ?"

"ಗಂಡ ಹೊರಗ ಬಂದ್ರ ಬ್ಯಾಡ ಅಂದೇನೇನು?" ಎಂದು ವೈನಿ ಅಲ್ಲೇ ಬಾಯಿ ಮುಚ್ಚಿಸುತ್ತಿದ್ದಳು.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಯ ತವರು ಗಡಿಯಾಚೆ, ಕಿಲ್ಲಾರಿಗೆ ಹತ್ತಿರದ ಹಳ್ಳಿ. ಭೂಕಂಪವಾದಾಗ ಆಕೆ ಇನ್ನೂ ಶಾಲೆಗೆ ಹೋಗುವ ಹುಡುಗಿ. ಗಣಪತಿ ಕಳಿಸಿದ ರಾತ್ರಿ ಗೆಳತಿಯರ ಜೊತೆ ಗುಡಿಯ ಕಟ್ಟೆಯ ಮೇಲೇ ನಿದ್ದೆ ಹೋದದ್ದರಿಂದ ಉಳಿದಳು. ತಾಯಿ ಮತ್ತು ತಮ್ಮ ಮನೆಯೊಳಗಿದ್ದರು. ನನ್ನೆದುರು ಆಕೆ ಅದನ್ನು ಹೇಳಿದ್ದು ಒಂದೇ ಸಲ, ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ: "ಕಲ್ಲು ಎತ್ತಿದ್ರು, ತೊಲಿ ಎತ್ತಿದ್ರು. ಮಣ್ಣ ಎತ್ತೂದ ಮುಗೀಲಿಲ್ಲ ತಮ್ಮಾ."

ಆ ಮಣ್ಣು ಯಾವುದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ ಹಾಸಿ ಮಣ್ಣು ಬಡಿದರೆ ಮಾಳಿಗೆ. ನನ್ನ ಬಾಲ್ಯ ಕಳೆದದ್ದು ನೆಲದ ಮೇಲೆ ಎಷ್ಟೋ, ಮಾಳಿಗೆಯ ಮೇಲೆ ಅಷ್ಟೇ. ಅವ್ವ ಅಲ್ಲಿ ಸಂಡಿಗೆ, ಮೆಣಸಿನಕಾಯಿ ಒಣಹಾಕುತ್ತಿದ್ದಳು. ಕಾಗೆ ಕಾಯುವ ಕೆಲಸ ನನ್ನದು. ಕಾಗೆಗಿಂತ ಹೆಚ್ಚು ಸಂಡಿಗೆ ತಿಂದದ್ದೂ ನಾನೇ. ಬೆಳಕಿಂಡಿಯಿಂದ ಬಗ್ಗಿ ನೋಡಿದರೆ ಅಡುಗೆಮನೆಯ ಹೊಗೆ ಮುಖಕ್ಕೆ ಬರುತ್ತಿತ್ತು, ಜೊತೆಗೆ ಅವ್ವನ ಬೈಗುಳ.

ಮಿರಗದ ಮಳೆ ಬೀಳುವ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಏರುತ್ತಿತ್ತು. ಹಳ್ಳದ ದಂಡೆಯ ಸವುಳು ಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಚಕ್ಕಡಿಯಲ್ಲಿ ತಂದದ್ದನ್ನು ಬುಟ್ಟಿ ಬುಟ್ಟಿಯಾಗಿ ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಸಾಗಿಸುತ್ತಿದ್ದೆವು. ಅಪ್ಪ ನೀರು ಚಿಮುಕಿಸುತ್ತಿದ್ದ, ನಾವು ಓಣಿಯ ಹುಡುಗರೆಲ್ಲ ತುಳಿಯುತ್ತಿದ್ದೆವು. ಕುಣಿಯಲು ಹಿರಿಯರೇ ಹೇಳುತ್ತಿದ್ದ ದಿನ ವರ್ಷದಲ್ಲಿ ಅದೊಂದೇ. ಸಂಜೆ ಎಲ್ಲರಿಗೂ ಬೆಲ್ಲ, ಪುಟಾಣಿ. ಮೊದಲ ಮಳೆಗೆ ಮನೆ ಸೋರದಿದ್ದರೆ ಅಪ್ಪನ ಮುಖ ನೋಡಬೇಕಿತ್ತು.

ಹಳೆಯ ಮಣ್ಣನ್ನು ತೆಗೆಯುವ ರೂಢಿ ಇರಲಿಲ್ಲ. "ಏರಿಸಿದ ಮಣ್ಣ ಇಳಸಬಾರದು. ಮನಿತನಕ್ಕ ಒಳ್ಳೇದಲ್ಲ" ಎನ್ನುತ್ತಿದ್ದ ಅಪ್ಪ. ಅವನಿಗೆ ಅವನ ಅಪ್ಪ ಹೇಳಿದ್ದು ಅದೇ. ಅಪ್ಪ ಹೋದ ಮೇಲೆ ಅಣ್ಣ ಆ ಕೆಲಸ ಮುಂದುವರಿಸಿದ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ನೆಲ ಸದ್ದು ಮಾಡತೊಡಗಿತು. ನಾನು ಬಸವನ ಬಾಗೇವಾಡಿಯಲ್ಲಿದ್ದುಕೊಂಡು ಪತ್ರಿಕೆಗೆ ವರದಿ ಮಾಡುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಫೋನು ಬರತೊಡಗಿದವು. ತಾಂಬಾ ಊರಿನವನೊಬ್ಬ, "ಲಾರಿ ಮನಿ ಬುಡಕಿಂದ ಹೋದಂಗಾತ್ರಿ" ಎಂದ. ಪಾತ್ರೆ ಬಿದ್ದವು, ಗೋಡೆ ಬಿರಿದವು. ಜೀವಕ್ಕೆ ಅಪಾಯವಾಗಲಿಲ್ಲ, ಜನ ಮಾತ್ರ ಹಾಸಿಗೆ ಹೊತ್ತು ಹೊರಗೆ ಬಂದರು. ಅಧ್ಯಯನಕ್ಕೆ ಬಂದ ಭೂವಿಜ್ಞಾನಿಯೊಬ್ಬರನ್ನು ಕಾರಣ ಕೇಳಿದೆ. ಈ ನೆಲ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಆದದ್ದು, ಕೆಳಗೆ ಹಳೆಯ ಬಿರುಕುಗಳಿವೆ, ಒತ್ತಡ ಕೂಡಿದಾಗ ಅವು ಜರುಗುತ್ತವೆ ಎಂದರು. ಜೋರು ಮಳೆಯ ನೀರು ಬಿರುಕುಗಳಿಗೆ ಇಳಿದಿರಬಹುದು ಎಂದರು. "ಬಹುದು ಅಂತಲೇ ಬರೆಯಿರಿ" ಎಂದೂ ಸೇರಿಸಿದರು. ಹಾಗೇ ಬರೆದೆ. ಹೊರಡುವಾಗ ಅವರೇ ನನ್ನನ್ನು ಕೇಳಿದರು, "ನಿಮ್ಮ ಮನೆ ಎಂಥದು?" ಮಾಳಿಗೆ ಎಂದೆ. "ಮೇಲೆ ಎಷ್ಟು ಮಣ್ಣಿದೆ?" ನನಗೆ ಗೊತ್ತಿರಲಿಲ್ಲ.

ಅದೇ ವೇಳೆಗೆ ಅಣ್ಣನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ನಮ್ಮಲ್ಲಿ ಬಾಣಂತಿಗೂ ಕೂಸಿಗೂ ಒಳಗಿನ ಕೋಣೆ: ಕಿಟಕಿಯಿಲ್ಲದ್ದು, ಬೆಚ್ಚಗಿನದು, ಮಾಳಿಗೆಯ ನಟ್ಟನಡುವಿನದು. ನಾನೂ ಅಣ್ಣನೂ ಹುಟ್ಟಿದ ಕೋಣೆ ಅದೇ. ಈ ಮಾಳಿಗೆ ಇಳಿಸದೆ ಮಗಳನ್ನು ಕರೆತರುವುದಿಲ್ಲ ಎಂದು ವೈನಿ ಹಟ ಹಿಡಿದಳು. ಬರುವುದು ಚಳಿಗಾಲ, ಹಸಿ ಬಾಣಂತಿಯನ್ನು ದನದ ಪತ್ರಾಸಿನಲ್ಲಿ ಹಾಕಲೇ ಎಂದು ಅಣ್ಣ. ಇಬ್ಬರೂ ನನಗೆ ಫೋನು ಮಾಡಿದರು. ನಾನು ಬೈಕು ಹತ್ತಿ ಊರಿಗೆ ಹೋದೆ.

ಅಣ್ಣ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ. "ನಿನ್ನ ಪೇಪರಿನ್ಯಾಗ ಬಂದೈತಲ್ಲೋ. ಆತಂಕ ಬ್ಯಾಡ ಅಂತ."

"ಅದು ಅಧಿಕಾರಿ ಹೇಳಿದ್ದು. ನಾ ಹೇಳಿದ್ದಲ್ಲ."

"ಬರದಾಂವ ನೀನ ಅಲ್ಲೇನು?"

ಬಾಗಿಲ ಹೊರಗೆ ನಿಂತಿದ್ದ ವೈನಿ ಅಂದಳು, "ಪೇಪರ್ ಹೊಚಗೊಂಡು ಮಲಗ್ರಿ ನೀವು. ನನ್ನ ಮಗಳು ಬರೂದಿಲ್ಲ."

"ಇಷ್ಟು ವರ್ಷ ನಿಂತೈತಿ ಈ ಮನಿ!"

"ನಮ್ಮವ್ವನ ಮನೀನೂ ನಿಂತಿತ್ತು."

ಅಣ್ಣ ಪೇಪರು ಮಡಚಿದ. ನಾನು ಭೂವಿಜ್ಞಾನಿಯ ಪ್ರಶ್ನೆಯನ್ನೇ ಅವನ ಮುಂದಿಟ್ಟೆ: ಮೇಲೆ ಮಣ್ಣು ಎಷ್ಟಿದೆ?

"ಎಷ್ಟಿರತೈತಿ? ಒಂದು ಗೇಣು. ಬಾ, ಅಗದ ತೋರಸ್ತೇನಿ. ಆಮ್ಯಾಲೆ ಇಬ್ಬರೂ ಬಾಯಿ ಮುಚಗೊಂಡ ಇರ್ರಿ."

ಏಣಿ ಹಾಕಿ ಇಬ್ಬರೂ ಏರಿದೆವು. ಒಳಕೋಣೆಯ ನೇರಕ್ಕೆ ಅಣ್ಣ ಗುದ್ದಲಿ ಹಾಕಿದ. ಗೇಣು ದಾಟಿತು. ಮಣ್ಣು ಗಟ್ಟಿ, ಇಟ್ಟಂಗಿಯಂತೆ ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ಮೊಳ ದಾಟಿತು. ಅಗೆದ ಕುಣಿಯ ಬದಿಯಲ್ಲಿ ಗೆರೆಗಳು ಕಂಡವು: ಬೂದಿ ಬಣ್ಣ, ಬಿಳಿಚು, ಮತ್ತೆ ಬೂದಿ. ಒಂದು ಗೆರೆಯಲ್ಲಿ ಹಸಿರು ಬಳೆಯ ಚೂರು, ಇನ್ನೊಂದರಲ್ಲಿ ಮೆಣಸಿನಕಾಯಿಯ ಬೀಜ.

"ಹತ್ತಿತೇನ್ರಿ ಕಟಗಿ?" ಎಂದು ಅಂಗಳದಿಂದ ವೈನಿ ಕೂಗಿದಳು.

"ಇನ್ನೂ ಇಲ್ಲ."

ಅಣ್ಣ ಗುದ್ದಲಿ ಬಿಟ್ಟು ಮಂಡಿಯೂರಿ ಕೂತ, ಕೈಯಿಂದ ಬಗೆದ. ತೋಳು ಪೂರ್ತಿ ಒಳಗೆ ಹೋದರೂ ಬೆರಳಿಗೆ ತೊಗರಿಕಟ್ಟಿಗೆ ಹತ್ತಲಿಲ್ಲ.

"ಹತ್ತಿತೇನು?"

ಅವನು ಕುಣಿಯ ಅಂಚಿಗೆ ಕೂತು ಗೆರೆಗಳನ್ನು ಬೆರಳಿನಿಂದ ಸವರಿದ. "ಇಷ್ಟು ನಂದು," ಎಂದ ನನಗಷ್ಟೇ ಕೇಳುವಂತೆ. "ಇದು ಅಪ್ಪಂದು. ಕೆಳಗಿಂದು ಮುತ್ಯಾಂದು ಇರಬೇಕು." ಮಕ್ಕಳ ಮೇಲೆ ಒಂದು ಹನಿಯೂ ಬೀಳಬಾರದೆಂದು ಪ್ರತಿಯೊಬ್ಬನೂ ಹೊತ್ತು ತಂದದ್ದು. ನಾನು ಕುಣಿದು ಗಟ್ಟಿ ಮಾಡಿದ್ದೂ ಅದರಲ್ಲಿತ್ತು.

"ಇದರ ಬುಡಕ ತೊಟ್ಟಲಾ ಕಟ್ಟಂತ ನಾನ ಹಟ ಹಿಡದಿದ್ನಲ್ಲೋ," ಎಂದ. ಒಂದು ಹೆಂಟೆ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಕೆಳಗೆ ನೋಡಿದ. "ಏ, ಸರದ ನಿಂದರು. ಮಣ್ಣ ಇಳಸಾಕತ್ತೇನಿ."

ಮಣ್ಣು ಇಳಿಸುವಾಗಲೂ ಓಣಿಯವರೇ ಬಂದರು. ಏರಿಸುವಾಗಿನ ಸಾಲಿನಂತೆಯೇ ಸಾಲು, ಬುಟ್ಟಿಗಳು ಮಾತ್ರ ಕೆಳಮುಖ. ನಮ್ಮೊಂದಿಗೆ ಕುಣಿದಿದ್ದವರು ಈಗ ಸೊಂಟ ಹಿಡಿದುಕೊಂಡು ನಿಂತರು. ಮುಗಿಯುವ ಮೊದಲೇ ಇಬ್ಬರು ತಮ್ಮ ಮಾಳಿಗೆ ಹತ್ತಿ ಅಗೆದು ನೋಡಿದರು. ಮಣ್ಣೆಲ್ಲ ಹೊಲಕ್ಕೆ ಹೋಯಿತು. ಎತ್ತರದ ಗೋಡೆಯನ್ನು ಇಳಿಸಿ, ಕಬ್ಬಿಣದ ಕಂಬ ನಿಲ್ಲಿಸಿ ಪತ್ರಾಸ್ ಹಾಕಿದರು. ಬಾಣಂತಿಯ ಕೋಣೆಗೆ ತಗಡಿನ ಕೆಳಗೆ ಜೋಳದ ದಂಟಿನ ಕಣಕಿಯ ಹೊದಿಕೆ. ಕೆಲಸ ಮುಗಿದ ಸಂಜೆ ಅಣ್ಣ ಬೆಲ್ಲ, ಪುಟಾಣಿ ಹಂಚಿದ. ನನ್ನ ಪಾಲನ್ನು ಬಾಯಿಗೆ ಹಾಕಿಕೊಂಡೆ. ಮೇಲೆ ನೋಡಿದೆ, ಬೆಳಕಿಂಡಿ ಇರಲಿಲ್ಲ.

ಮಗಳು ಬಂದಳು. ಹೆಣ್ಣು ಕೂಸು. ಕೂಸಿಗೆ ಹೆಸರಿಡುವ ಮುಂಚೆ ಒಂದು ಮಧ್ಯಾಹ್ನ ನೆಲ ಮತ್ತೆ ಗುಡುಗಿತು. ತಗಡು ಗಡಗಡ ಅಂದಿತು, ಅಷ್ಟೇ. ಅಂಗಳದಲ್ಲಿದ್ದ ನಾವೆಲ್ಲ ಹೊರಬಾಗಿಲಿಗೆ ಓಡಿದೆವು. ವೈನಿ ಒಳಗಿಂದ ಬರಲಿಲ್ಲ. ಹೋಗಿ ನೋಡಿದರೆ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಮುಖ ಬೆವತಿತ್ತು. "ಕೂಸು ಈಗ ಮಲಗೇತಿ, ಗದ್ಲ ಮಾಡಬ್ಯಾಡ್ರಿ," ಎಂದಳು.

ಈಗ ಬೇಸಿಗೆಯಲ್ಲಿ ಆ ಮನೆ ಹಂಚಿನಂತೆ ಕಾಯುತ್ತದೆ. ಅಪ್ಪನ ಕಾಲದ ತಂಪು ನೆನಪಾಗದೆ ನಾನು ಅಲ್ಲಿ ಒಂದು ಲೋಟ ನೀರು ಕುಡಿದದ್ದಿಲ್ಲ. ಅಣ್ಣ ಬೈದುಕೊಳ್ಳುತ್ತ ಹೊರಸನ್ನು ಬೇವಿನ ಬುಡಕ್ಕೆ ಎಳೆದುಕೊಂಡು ಹೋಗುತ್ತಾನೆ. ಓಣಿಯ ಹೆಂಗಸರು ಈಗ ಅವನನ್ನು ಕಾಡಿಸುತ್ತಾರೆ, ಹೆಂಡತಿ ಬ್ಯಾಡಾದ್ಲೇನ್ರಿ ಎಂದು.

ವೈನಿ ಒಳಗೆ ಮಲಗುತ್ತಾಳೆ.