ದೇವರ ಐಸ್ ಪ್ಲಾಂಟಿಗೆ ಒಂದು ಟಿಕೆಟ್

ಮೆಹಬೂಬ್ ಪಾಷಾ ಅವರ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ. ಯಶವಂತಪುರದ ಐಸ್ ಪ್ಲಾಂಟೊಂದರಲ್ಲಿ ಮೂವತ್ತೆಂಟು ವರ್ಷ ಮಂಜುಗಡ್ಡೆ ಹಿಡಿದು ಹಿಡಿದು ಅವು ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಅವರನ್ನು ಗುರುತಿಸುವುದಿಲ್ಲ. ಅಂಗಡಿಯವನು ಪ್ರತಿ ತಿಂಗಳೂ "ಪಾಷಾ ಭಾಯ್, ನೀವು ಇದ್ದೀರೋ ಇಲ್ವೋ?" ಎಂದು ನಗುತ್ತಾನೆ. "ಇದ್ದೀನಿ ಕಣಪ್ಪ, ಸ್ವಲ್ಪ ಕರಗಿದ್ದೀನಿ ಅಷ್ಟೇ" ಎನ್ನುತ್ತಾರೆ ಇವರು.

ಅವರು ಕೆಲಸಕ್ಕೆ ಸೇರಿದಾಗ ಊರಿನ ಮದುವೆಗಳಿಗೆ, ಮೀನಿನ ಮಾರ್ಕೆಟ್ಟಿಗೆ, ಕಬ್ಬಿನ ಹಾಲಿನ ಗಾಡಿಗಳಿಗೆಲ್ಲ ಅಲ್ಲಿಂದಲೇ ಐಸ್ ಹೋಗುತ್ತಿತ್ತು. ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ಸಾಲಾಗಿ ಮುಳುಗಿಸಿದ ತಗಡಿನ ಡಬ್ಬಿಗಳು. ಒಂದೊಂದರೊಳಗೂ ಆಳೆತ್ತರದ ಬಿಳಿ ಹಲಗೆ. ಪಕ್ಕದ ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾ ಗ್ಯಾಸಿನ ಪೈಪುಗಳು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು, ಮೆಹಬೂಬ್ ಪಾಷಾ ಮತ್ತು ಚಿಕ್ಕಜಾಲದ ಚಿಕ್ಕಹನುಮಯ್ಯ. ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಸಮುದ್ರದ ಅಂಚಿಗೆ ಬಂದು ನಿಂತ ನೀಲಿ ಮಂಜಿನ ಗೋಡೆ, ಅದರ ಮುಂದೆ ಬೆಂಕಿಪೊಟ್ಟಣದಷ್ಟು ಕಾಣುವ ಹಡಗು. ಹೊಸಬರು ಬಂದರೆ ಪಾಷಾ ಅದನ್ನು ತೋರಿಸಿ, "ಇದು ದೇವರ ಐಸ್ ಪ್ಲಾಂಟ್. ಕರೆಂಟ್ ಬಿಲ್ ಇಲ್ಲ, ಗ್ಯಾಸ್ ಇಲ್ಲ, ಓನರ್ ಬೈಯೋದೂ ಇಲ್ಲ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಡಾಕ್ಟರೊಬ್ಬರು ಪ್ಲಾಂಟಿಗೆ ಬಂದು ಎಲ್ಲರ ಎದೆ ಪರೀಕ್ಷೆ ಮಾಡುತ್ತಿದ್ದರು. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ಅಂಕಿಗಳು, ಊದಿದಷ್ಟು ಮುಂದೆ ಸರಿಯುವ ಕೆಂಪು ಮುಳ್ಳು. ಆಳುಗಳು ಅದನ್ನು ಪೀಪಿ ಎಂದು ಕರೆಯುತ್ತಿದ್ದರು. ಮುನ್ನೂರಕ್ಕಿಂತ ಕಡಿಮೆ ಬಂದವರನ್ನು ಕೋಣೆಯಿಂದ ತೆಗೆದು ಲೋಡಿಂಗಿಗೆ ಹಾಕುತ್ತಿದ್ದರು. ಲೋಡಿಂಗಿನವರು ದಿನಗೂಲಿಗಳು, ಇವತ್ತು ಬಾ ಎಂದರೆ ಬರಬೇಕು, ನಾಳೆ ಬೇಡ ಎಂದರೆ ಇಲ್ಲ. ಹಾಗಾಗಿ ಪೀಪಿಗೆ ಒಂದು ಉಪಾಯ ಹುಟ್ಟಿಕೊಂಡಿತ್ತು. ಪಾಷಾಗೆ ಅದನ್ನು ಕಲಿಸಿಕೊಟ್ಟವರು ಚಿಕ್ಕಹನುಮಯ್ಯ.

"ಮೂರು ದಿನ ಮುಂಚೆಯಿಂದ ಆ ಉಬ್ಬಸದ ಬಿಳೀ ಮಾತ್ರೆ ತಗೋ, ಮೆಡಿಕಲ್ ಸ್ಟೋರ್‌ನಾಗೆ ಚೀಟಿ ಕೇಳ್ದೆ ಕೊಡ್ತಾರೆ. ಬೆಳಗ್ಗೆ ಬಿಸಿನೀರಿನ ಹಬೆ. ಊದೋವಾಗ ನಾಲಿಗೆ ತುದೀಲಿ ತೂತು ಮುಚ್ಕೋ, ಕೆನ್ನೆ ತುಂಬ ಗಾಳಿ ಹಿಡಿ. ಆಮೇಲೆ ಎಲೆಅಡಿಕೆ ಉಗಿದಂಗೆ ಥೂ ಅಂತ ಬಿಡು. ಮುಳ್ಳು ಓಡೋಯ್ತದೆ ನೋಡು."

ಮುಳ್ಳು ಓಡಿಹೋಗುತ್ತಿತ್ತು. ಪ್ರತಿ ವರ್ಷವೂ.

ನಾಲ್ಕು ವರ್ಷದ ಹಿಂದೆ, ಬೆಳಗಿನ ಹತ್ತು ಗಂಟೆಗೆ, ಪೈಪಿನ ಒಂದು ಕೀಲು ಬಿಟ್ಟುಕೊಂಡು ಗ್ಯಾಸ್ ನುಗ್ಗಿತು. ಎಲ್ಲರೂ ಹೊರಗೆ ಓಡಿದರು. ವಾಲ್ವ್ ಎಲ್ಲಿದೆಯೆಂದು ಗೊತ್ತಿದ್ದವರು ಇಬ್ಬರೇ. ಟವೆಲನ್ನು ನೀರಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಅವರಿಬ್ಬರೂ ಒಳಗೆ ಹೋದರು. ವಾಲ್ವ್ ಮುಚ್ಚಿತು. ಅಂದಿನಿಂದ ಇಬ್ಬರ ಎದೆಯೂ ಸರಿಹೋಗಲಿಲ್ಲ. ಆದರೂ ಮುಂದಿನ ಪರೀಕ್ಷೆಯಲ್ಲಿ ಇಬ್ಬರೂ ನಾನೂರು ದಾಟಿಸಿದರು. ಅದಾದ ನಾಲ್ಕು ತಿಂಗಳಿಗೆ ಚಿಕ್ಕಹನುಮಯ್ಯ ತೀರಿಕೊಂಡರು.

ಅವರ ಹೆಂಡತಿ ಗಂಗರತ್ನಮ್ಮ ಚಿಕ್ಕಜಾಲದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಯಾರೋ ಹೇಳಿಕೊಟ್ಟ ಮೇಲೆ ಕೋರ್ಟಿಗೆ ಹೋದರು. ಗ್ಯಾಸಿನಿಂದಲೇ ಗಂಡ ಸತ್ತಿದ್ದು ಎಂದು ಅವರು. ಬೀಡಿಯಿಂದ ಸತ್ತಿದ್ದು, ಅವತ್ತು ಬಿಟ್ಟ ಗ್ಯಾಸ್ ಲೆಕ್ಕಕ್ಕೇ ಇಲ್ಲ ಎಂದು ಪ್ಲಾಂಟಿನವರು. ಒಳಗೆ ಹೋಗಿ ಬಂದು ಬದುಕಿದ್ದ ಸಾಕ್ಷಿ ಮೆಹಬೂಬ್ ಪಾಷಾ ಒಬ್ಬರೇ.

ಅಷ್ಟರಲ್ಲಿ ಪ್ಲಾಂಟ್ ಮುಚ್ಚಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳತೊಡಗಿತ್ತು. ಹೋದ ಫೆಬ್ರವರಿಯ ಒಂದು ಭಾನುವಾರ ಪ್ಲಾಂಟಿನ ಯಜಮಾನ ಮಹೇಂದ್ರ, ಶೆಟ್ಟಿಹಳ್ಳಿಯಲ್ಲಿದ್ದ ಪಾಷಾ ಅವರ ಮನೆಗೇ ಬಂದರು. ಮಹೇಂದ್ರ ಅವರದು ಹುಣಸಮಾರನಹಳ್ಳಿಯ ಹಳೇ ಮನೆತನ. ಅವರಪ್ಪನ ಕಾಲದಿಂದಲೂ ಪಾಷಾ ಅಲ್ಲೇ ದುಡಿದವರು. ಕೈಯಲ್ಲಿ ಮಿಠಾಯಿ ಡಬ್ಬಿ, ನುಣುಪು ಹಾಳೆಯ ಒಂದು ಪುಸ್ತಕ. ಅದರ ಮುಖಪುಟದ ಮೇಲೆ ನೀಲಿ ಮಂಜಿನ ಗೋಡೆ.

"ಜೂನ್‌ನಲ್ಲಿ ನಾವು ಫ್ರೆಂಡ್ಸೆಲ್ಲ ಅಲಾಸ್ಕಾಗೆ ಹೋಗ್ತಿದ್ದೀವಿ ಪಾಷಾ ಭಾಯ್. ಹಡಗಲ್ಲಿ ಏಳು ದಿನ. ಒಬ್ರು ಕೈ ಕೊಟ್ರು, ಒಂದು ಬೆಡ್ ಖಾಲಿ ಇದೆ. ಆ ಕಂಪ್ರೆಸರ್ ರೂಮಿನ ಫೋಟೋ ಚಿಕ್ಕವನಿದ್ದಾಗಿಂದ ನೋಡಿದ್ದೀನಿ ನಾನು. ನೀವೇ ಬನ್ನಿ."

ಪಾಷಾ ಕುರ್ಚಿಯ ತುದಿಯಲ್ಲಿ ಕೂತಿದ್ದರು. "ಸಾರ್, ಆ ಕೇಸು..."

"ಕೇಸು ಲಾಯರ್‌ಗಳದ್ದು ಬಿಡಿ. ನಿಮಗೂ ನನಗೂ ಏನಿದೆ?"

ಅವರು ಹೋದ ಮೇಲೆ ನಸೀಮಾ ಮಿಠಾಯಿ ಡಬ್ಬಿಯನ್ನು ತೆರೆಯಲಿಲ್ಲ. "ಕೈಕು ಜೀ, ಯಾಕೆ ಬಂದ್ರು?" ಎಂದರು ಗಂಡನಿಗೆ. "ಮೂವತ್ತೆಂಟು ವರ್ಷದಲ್ಲಿ ಒಂದು ದಿನ ಈ ಬೀದಿಗೆ ಬರಲಿಲ್ಲ. ಈಗ ಕೈಕು?"

"ಒಳ್ಳೆ ಮನಸ್ಸು ಬಂದಿರಬೋದು."

"ಬಂದ್ರೆ ರತ್ನಮ್ಮನ ಮನೆಗೆ ಮೊದಲು ಹೋಗ್ಬೇಕಿತ್ತು ಅದು."

ಪುಸ್ತಕದ ಹಾಳೆಯ ಮೇಲೆ ಪಾಷಾರ ನುಣುಪು ಬೆರಳು ಮೆಲ್ಲಗೆ ಜಾರುತ್ತಿತ್ತು.

ಮರುದಿನದಿಂದ ಮನೆಯಲ್ಲಿ ಪ್ರಯಾಣದ ಮಾತೇ. ಮಗಳು ಅಸ್ಮಾ, ಜಾಲಹಳ್ಳಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸಂಜೆ ಬಂದು ಮೊಬೈಲ್ ಹಿಡಿದು ಕೂರುತ್ತಿದ್ದಳು. ಸಿಯಾಟಲ್ ಎಂಬ ಊರಿನಿಂದ ಹಡಗು ಹೊರಡುತ್ತದೆ. ಮೂರನೇ ದಿನ ಕೊಲ್ಲಿಯೊಳಗೆ ಹೋಗುತ್ತದೆ. ಯಾವ ಪಕ್ಕದ ಕೋಣೆ ಸಿಕ್ಕಿದರೂ ಚಿಂತೆಯಿಲ್ಲ. ಮಂಜಿನ ಗೋಡೆಯ ಮುಂದೆ ಹಡಗು ನಿಂತು, ಎಲ್ಲರಿಗೂ ಕಾಣಲೆಂದು ನಿಧಾನಕ್ಕೆ ಒಂದು ಸುತ್ತು ತಿರುಗುತ್ತದೆ. ಗೋಡೆಯಿಂದ ತುಂಡುಗಳು ಕಳಚಿ ನೀರಿಗೆ ಬೀಳುವ ವೀಡಿಯೊ ಒಂದನ್ನು ಪಾಷಾ ಮತ್ತೆ ಮತ್ತೆ ನೋಡಿದರು.

"ಸದ್ದು ಆಮೇಲೆ ಬರ್ತಿದೆ ನೋಡು. ಮೊದಲು ಬೀಳ್ತದೆ, ಆಮೇಲೆ ಸದ್ದು. ಅಷ್ಟು ದೂರ ಅದು. ಅಷ್ಟು ದೊಡ್ಡದು. ನೀಲಿ ಯಾಕಿದೆ ಗೊತ್ತಾ? ಗಾಳಿಯೆಲ್ಲ ಹೊರಗೆ ಹೋಗಿದೆ. ನಮ್ಮ ಐಸ್ ಬೆಳ್ಳಗಿರೋದು ಒಳಗೆ ಗಾಳಿ ಇರೋದಕ್ಕೆ."

ನಮಾಜಿನ ಹೊತ್ತು ದೊಡ್ಡ ಸಮಸ್ಯೆಯಾಯಿತು. ಜೂನಿನಲ್ಲಿ ಅಲ್ಲಿ ಸೂರ್ಯ ರಾತ್ರಿ ಹತ್ತು ದಾಟಿದ ಮೇಲೆ ಮುಳುಗಿ ನಾಲ್ಕಕ್ಕೆಲ್ಲ ಹುಟ್ಟುತ್ತಾನೆ. ಪೂರ್ತಿ ಕತ್ತಲೇ ಆಗದು. ಪಾಷಾ ಮಸೀದಿಯ ಹಜ್ರತರನ್ನು ಕೇಳಿ ಬಂದರು. "ಅಲ್ಲಿಯ ಜನ ಹೇಗೆ ಮಾಡ್ತಾರೋ ಹಾಗೆ ಮಾಡು ಅಂದ್ರು."

"ಅಲ್ಲಿರೋದು ಕರಡಿಗಳು," ಎಂದರು ನಸೀಮಾ. ಆದರೂ ಅವರೇ ಟಿಬೆಟಿಯನ್ನರ ಅಂಗಡಿಯಿಂದ ದಪ್ಪ ಸ್ವೆಟರ್ ತಂದು ಕಬ್ಬಿಣದ ಪೆಟ್ಟಿಗೆಯ ಮೇಲಿಟ್ಟರು. ಮೆಕ್ಕಾದ ಉಮ್ರಾ ಯಾತ್ರೆಗೆಂದು ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಹೊರಗೆ ಬಂತು. ಚೆನ್ನೈಯಲ್ಲಿ ವೀಸಾ ಸಂದರ್ಶನಕ್ಕೆ ದಿನ ಗೊತ್ತಾಯಿತು.

ಗಂಗರತ್ನಮ್ಮನಿಗೆ ತಾವೇ ಹೇಳಬೇಕೆಂದು ಪಾಷಾ ಚಿಕ್ಕಜಾಲಕ್ಕೆ ಹೋದರು. ಬಸ್ ಸ್ಟಾಪಿನಿಂದ ಶಾಲೆಯವರೆಗಿನ ದಾರಿಯಲ್ಲಿ ಮೂರು ಸಲ ನಿಂತು ಉಸಿರು ತೆಗೆದುಕೊಂಡರು. ಆಕೆ ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡರು.

"ಓಗ್ಬಾ ಪಾಷಣ್ಣ. ನೀನಾರಾ ನೋಡ್ಕಂಡ್ ಬಾ. ಅವ್ರೂ ಆ ಪಟದ ಮಾತೇ ಆಡೋರು."

"ಕೋರ್ಟಿಗೆ ಬಂದೇ ಬರ್ತೀನಿ ತಾಯಿ. ಏಪ್ರಿಲ್‌ನಲ್ಲೇ ಇದೆಯಲ್ಲ ಸಾಕ್ಷಿ."

"ನೀನು ಬರ್ತೀಯ ಅಂತ ನಂಗೊತ್ತಿಲ್ವಾ?"

ಮಾರ್ಚಿನಲ್ಲಿ ಮಹೇಂದ್ರ ಅವರ ಆಫೀಸಿನಿಂದ ಮನೋಹರ್ ಎಂಬ ಮ್ಯಾನೇಜರ್ ಫೋನ್ ಮಾಡಿದರು. ವಯಸ್ಸಾದವರಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಉಸಿರಾಟ ಸರಿಯಿದೆ ಎಂದು ಡಾಕ್ಟರ್ ಬರೆದುಕೊಡಬೇಕು, ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಎಲ್ಲ ಹೇಳಿಟ್ಟಿದ್ದೇವೆ, ಹೋಗಿ ಬನ್ನಿ.

ಪಾಷಾ ಯೋಚಿಸಲಿಲ್ಲ. ಯೋಚಿಸಬೇಕಾದದ್ದು ಏನಾದರೂ ಇದೆಯೆಂದೇ ಅವರಿಗೆ ಅನಿಸಲಿಲ್ಲ. ಪರೀಕ್ಷೆ ಎಂದರೆ ಏನು ಮಾಡಬೇಕೆಂದು ಅವರ ಮೈಗೆ ಗೊತ್ತಿತ್ತು. ಮೂರು ದಿನ ಬಿಳಿ ಮಾತ್ರೆ. ಬೆಳಿಗ್ಗೆ ಕಂಬಳಿ ಹೊದ್ದು ಹಬೆ. ಕ್ಲಿನಿಕ್ಕಿನಲ್ಲಿ ಅದೇ ಕೊಳವೆ, ಅದೇ ಕೆಂಪು ಮುಳ್ಳು. ನಾಲಿಗೆ ತುದಿ, ಕೆನ್ನೆ, ಥೂ. ನಾನೂರ ಮೂವತ್ತು. ಡಾಕ್ಟರ್ ತಲೆಯಾಡಿಸಿ ಬರೆದರು: ಶ್ವಾಸಕೋಶ ಆರೋಗ್ಯವಾಗಿದೆ. ಪಾಷಾ ಕೆಳಗೆ ಸಹಿ ಹಾಕಿ, ಕಾಗದವನ್ನು ಮನೋಹರ್ ಕೈಗೆ ಕೊಟ್ಟರು. ಮನೆಗೆ ಬರುವಾಗ ನಸೀಮಾಗೆ ಮಲ್ಲಿಗೆ ತಂದರು.

ಏಪ್ರಿಲ್ ಹದಿನಾರರಂದು ಅವರು ಕಟಕಟೆಯಲ್ಲಿ ನಿಂತಾಗ ಪ್ಲಾಂಟಿನ ಲಾಯರು ಅದೇ ಕಾಗದವನ್ನು ಎತ್ತಿ ಹಿಡಿದರು. ಮಹೇಂದ್ರ ಕೋರ್ಟಿಗೆ ಬಂದಿರಲಿಲ್ಲ.

"ಈ ಸಹಿ ನಿಮ್ಮದೇನಾ?"

"ನಂದೇ ಸಾರ್."

"ಮೃತರ ಜೊತೆ ಒಳಗೆ ಹೋಗಿದ್ದು ನೀವೇ. ಅಷ್ಟೇ ಹೊತ್ತು ಇದ್ದಿದ್ದು, ಅದೇ ಗಾಳಿ ಕುಡಿದಿದ್ದು. ನಾಲ್ಕು ವರ್ಷದ ಮೇಲೂ ನಿಮ್ಮ ಎದೆ ಕಲ್ಲಿನ ಹಾಗಿದೆ, ಸಮುದ್ರಯಾನ ಬೇರೆ ಹೊರಟಿದ್ದೀರಿ. ಮೃತರದ್ದೂ ಸಾಯುವ ನಾಲ್ಕು ತಿಂಗಳ ಹಿಂದೆ ನಾನೂರ ಹತ್ತು ಇತ್ತು, ಇಲ್ಲಿದೆ ದಾಖಲೆ. ಹಾಗಾದರೆ ಗ್ಯಾಸ್ ಯಾರಿಗೆ ಏನು ಮಾಡಿತು?"

ಹಿಂದಿನ ಬೆಂಚಿನಲ್ಲಿ ಅಸ್ಮಾಳ ಪಕ್ಕ ಗಂಗರತ್ನಮ್ಮ ಕೂತಿದ್ದರು. ಅವರಿಗೆ ಆ ಕಾಗದದ ವಿಷಯ ಗೊತ್ತಿರಲಿಲ್ಲ. ಅವರು ಪಾಷಾರನ್ನು ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಏನೋ ವಿವರಣೆ ಇರುತ್ತದೆ ಎಂದು ಕಾಯುವವರ ಹಾಗೆ.

ಹೌದು ಸಾರ್, ಚೆನ್ನಾಗಿದ್ದೀನಿ ಎಂದರೆ ಸಾಕಿತ್ತು. ಜೂನ್ ಉಳಿಯುತ್ತಿತ್ತು. ನಿಜ ಹೇಳಿದರೆ ಹೋಗುವುದು ಹಡಗೊಂದೇ ಅಲ್ಲ. ಸತ್ತ ಗೆಳೆಯ ವರ್ಷಾನುಗಟ್ಟಲೆ ಸುಳ್ಳು ಊದಿದ್ದು, ಎಲ್ಲರಿಗೂ ಊದಲು ಕಲಿಸಿದ್ದು, ಅವನ ಹೆಂಡತಿಯ ಮುಂದೆಯೇ ಹೊರಗೆ ಬರಬೇಕು.

ಪಾಷಾ ಕಟಕಟೆಯ ಕಂಬಿ ಹಿಡಿದುಕೊಂಡರು. "ಅದು ಸುಳ್ಳು ಊದಿದ್ದು ಸಾರ್."

"ಏನಂದ್ರಿ?"

ಅವರು ಹೇಳಿದರು. ಮಾತ್ರೆ, ಹಬೆ, ನಾಲಿಗೆ, ಕೆನ್ನೆ. ಮಧ್ಯೆ ಎರಡು ಸಲ ಉಸಿರಿಗೆ ನಿಂತರು. ಯಾರು ಕಲಿಸಿದ್ದು ಎಂದು ಕೇಳಿದಾಗ ಚಿಕ್ಕಹನುಮಯ್ಯನ ಹೆಸರು ಹೇಳಿದರು. ಟೈಪಿಸ್ಟು ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ನ್ಯಾಯಾಧೀಶರ ಮುಖ ನೋಡಿದಳು.

ಲಾಯರು ನಕ್ಕರು. "ಸ್ವಾಮಿ, ಈ ಸಾಕ್ಷಿ ಮೂವತ್ತೆಂಟು ವರ್ಷ ಡಾಕ್ಟರುಗಳಿಗೆ ಮೋಸ ಮಾಡಿದ್ದೀನಿ ಅಂತಾರೆ. ಹೋದ ತಿಂಗಳೂ ಮಾಡಿದ್ದೀನಿ ಅಂತಾರೆ. ಇವತ್ತೊಂದು ದಿನ ಮಾತ್ರ ನಿಜ ಹೇಳ್ತಿದ್ದಾರೆ ಅಂತ ಹೇಗೆ ನಂಬೋದು?"

"ನಂಬಬೇಡಿ ಸಾರ್," ಎಂದರು ಪಾಷಾ. "ಯಾವ ಡಾಕ್ಟರ್ ಮುಂದೆ ಬೇಕಾದ್ರೂ ಊದಿಸಿ. ಬೇಕಾದ್ರೆ ಹತ್ತು ದಿನ ಎಲ್ಲಾದ್ರೂ ಕೂಡಿಹಾಕಿ, ಏನೂ ತಿನ್ನಕ್ಕೆ ಬಿಡಬೇಡಿ. ಆಮೇಲೆ ಊದಿಸಿ."

ನ್ಯಾಯಾಧೀಶರು ಸರ್ಕಾರಿ ಆಸ್ಪತ್ರೆಯ ವೈದ್ಯರ ಮಂಡಳಿಯಿಂದ ಹೊಸ ಪರೀಕ್ಷೆ ಆಗಲಿ ಎಂದು ಬರೆಸಿದರು. ಆ ಸಂಜೆಯೇ ಮನೋಹರ್ ಮೆಸೇಜ್ ಬಂತು. "ಪ್ರವಾಸದ ಗುಂಪಿನ ಪಟ್ಟಿಯಲ್ಲಿ ತಮ್ಮ ಹೆಸರು ಇರುವುದಿಲ್ಲ." ಅಸ್ಮಾ ಅದನ್ನು ಓದಿ ಹೇಳಿದಳು. ನಸೀಮಾ ಸ್ವೆಟರನ್ನು ಮಡಿಚಿ ಒಳಗಿಟ್ಟರು.

ಉಸಿರು ಕಟ್ಟಿದಾಗ ನುಂಗುತ್ತಿದ್ದ ಆ ಬಿಳಿ ಮಾತ್ರೆಯನ್ನೂ ಪರೀಕ್ಷೆಗೆಂದು ಬಿಟ್ಟ ಮೇಲೆ ಪಾಷಾಗೆ ಮಲಗಿ ನಿದ್ದೆ ಮಾಡಲಾಗಲಿಲ್ಲ, ಗೋಡೆಗೆ ಒರಗಿ ಕೂತೇ ಹಗಲೂ ರಾತ್ರಿ ಕಳೆದರು. ಮೇ ಮೊದಲ ವಾರ ಆಸ್ಪತ್ರೆಯಲ್ಲಿ ಮೂವರು ಡಾಕ್ಟರುಗಳ ಮುಂದೆ ಕೊಳವೆ ಹಿಡಿದರು. ಇಷ್ಟು ವರ್ಷಗಳಲ್ಲಿ ಡಾಕ್ಟರ ಮುಂದೆ ಎದೆಯಿಂದ ಊದಿದ್ದು ಅದೇ ಮೊದಲು. ನೂರಾ ಇಪ್ಪತ್ತು. ಎರಡನೇ ಸಲ ನೂರಾ ಹತ್ತು. ಮೂರನೇ ಸಲ ಕೆಮ್ಮು ಹತ್ತಿತು. ಸಾಕು ಬಿಡಿ ಎಂದರು. ಆಮೇಲೆ ಬೇರೆ ಯಂತ್ರಗಳು, ಎದೆಯ ಎಕ್ಸ್‌ರೇ ಫೋಟೋಗಳು. ಅವರಲ್ಲೊಬ್ಬರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಬರೆಯುವುದನ್ನು ನಿಲ್ಲಿಸಿ ಕೇಳಿದಳು: "ಗ್ಯಾಸ್ ಕುಡಿದ ವರ್ಷವೇ ಯಾಕೆ ಬರಲಿಲ್ಲ ತಾತ? ಆಗ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

"ಆಗ ನಾನೂರು ಬರ್ತಿತ್ತಲ್ಲಮ್ಮ," ಎಂದರು ಪಾಷಾ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಗಂಗರತ್ನಮ್ಮ ಕಾಯುತ್ತಿದ್ದರು. ಕೋರ್ಟಿನ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ. ಶಾಲೆಗೆ ರಜೆ ಹಾಕಿ, ಯಾರೂ ಕರೆಯದೆ ಬಂದಿದ್ದರು. ಪಾಷಾ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು.

"ಎಷ್ಟು ಬಂತಣ್ಣ?"

"ನೂರಾ ಇಪ್ಪತ್ತು."

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಅವ್ರದ್ದು?"

"ಏನು ತಾಯಿ?"

"ನಿಜವಾಗ್ಲೂ ಊದಿದ್ರೆ. ಅವ್ರದ್ದು ಎಷ್ಟು ಬರ್ತಿತ್ತು?"

ಪಾಷಾಗೆ ಗೊತ್ತಿತ್ತು. ಚಿಕ್ಕಹನುಮಯ್ಯನ ಕೊನೆಯ ಪರೀಕ್ಷೆಯ ದಿನ ಡಾಕ್ಟರ್ ಊಟಕ್ಕೆ ಹೋದಾಗ ಇಬ್ಬರೂ ಆ ಕೊಳವೆ ಎತ್ತಿಕೊಂಡು ಉಪಾಯ ಇಲ್ಲದೆ ಒಂದೊಂದು ಸಲ ಊದಿ ನೋಡಿದ್ದರು, ನಗಾಡುತ್ತ.

"ತೊಂಬತ್ತು," ಎಂದರು.

ಗಂಗರತ್ನಮ್ಮ ಸೆರಗನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು.

"ಆ ಬೇಸಿಗೆ ನಲ್ಲೀಲಿ ನೀರು ಬರ್ತಿರ್ಲಿಲ್ಲ. ಟ್ಯಾಂಕರ್ ತಾವ್ಲಿಂದ ಬಿಂದಿಗೆ ತತ್ತಾ ಅಂದ್ರೆ ಆಗಕಿಲ್ಲ ಕಣೇ ಅನ್ನೋರು. ನಾಟಕ ಆಡ್ತೀಯ, ನಾನೂರು ಊದ್ತೀನಿ ಅಂತ ಊರಿಗೆಲ್ಲ ಯೋಳ್ಕಂಡ್ ತಿರುಗ್ತೀಯ ಅಂತ ಬೈದೆ. ಎತ್ಕಂಡ್ ಬಂದ್ರು ಪಾಷಣ್ಣ. ದಿನಾ ಎತ್ಕಂಡ್ ಬಂದ್ರು."

ಒಳಗಿನಿಂದ ನರ್ಸೊಬ್ಬಳು ಪಾಷಾರ ಹೆಸರು ಕೂಗಿದಳು. ವರದಿಗೆ ಸಹಿಯ ಜೊತೆ ಹೆಬ್ಬೆಟ್ಟೂ ಬೇಕಿತ್ತು. ಅವರು ಏಳಲು ಬೆಂಚಿನ ಹಿಡಿಗೆ ಕೈಯೂರಿದರು. ಗಂಗರತ್ನಮ್ಮ ಎದ್ದು ಅವರ ತೋಳು ಹಿಡಿದುಕೊಂಡರು. ಬಾಗಿಲವರೆಗಿನ ಹತ್ತು ಹೆಜ್ಜೆಯನ್ನು ಇಬ್ಬರೂ ಎರಡು ಸಲ ನಿಂತು ನಡೆದರು.