ಬಲಕ್ಕೆ ನಕ್ಷತ್ರವಿದ್ದ ಟೋಪಿ

ನನ್ನ ಹೆಸರು ಮೆನಿಸ್ಕೊಸ್. ಹಡಗಿನಲ್ಲಿ ಹಗ್ಗ ಎಳೆಯುವ ಕೆಲಸ. ನನ್ನ ಬುದ್ಧಿವಂತಿಕೆಯ ಮೇಲೆ ನನಗಿದ್ದಷ್ಟು ನಂಬಿಕೆ ಹೆತ್ತಮ್ಮನಿಗೂ ಇರಲಿಲ್ಲ.

ಹಡಗಿನ ಯಜಮಾನ ಹೆಗೇಸಿಯಸ್ ನನ್ನನ್ನೂ ನನ್ನ ತಮ್ಮ ಜೋಯಿಲೊಸನನ್ನೂ ಕೆಲಸಕ್ಕೆ ಒಪ್ಪಿದ್ದೇ ನಾವು ಅವಳಿ ಎಂದು. ಬಿರುಗಾಳಿಯಲ್ಲಿ ಹಾಯಿಕಂಬದ ತುದಿಗೆ ಎರಡು ಬೆಳಕು ಕಂಡರೆ ಅವಳಿ ದೇವರು ಬಂದರು, ಹಡಗು ಉಳಿಯಿತು. ಒಂದೇ ಕಂಡರೆ ಮುಳುಗಿತು. ಹಾಗಾಗಿ ಒಂಟಿ ಅವಳಿಯನ್ನು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಹೊರಡಲು ನಾಲ್ಕು ದಿನವಿದ್ದಾಗ ಜೋಯಿಲೊಸ್ ಜ್ವರದಲ್ಲಿ ಸತ್ತ. ಅತ್ತೆ, ಮಣ್ಣು ಮಾಡಿದೆ, ಆಮೇಲೆ ಹಸಿವಾಯಿತು.

"ಇನ್ನೊಬ್ಬ ಎಲ್ಲೋ?" ಎಂದ ಹೆಗೇಸಿಯಸ್, ಹೊರಡುವ ದಿನ.

"ನಮ್ದೊಂದು ಹರಕೆ ಯಜಮಾನ್ರೇ. ಅವಳಿ ದೇವರು ಒಂದಿನ ಒಬ್ಬ ಆಕಾಶದಲ್ಲಿ, ಇನ್ನೊಬ್ಬ ಪಾತಾಳದಲ್ಲಿ ಇರ್ತಾರಲ್ಲ, ನಾವೂ ಹಂಗೇ. ಒಬ್ಬ ಮೇಲಿದ್ರೆ ಇನ್ನೊಬ್ಬ ಕೆಳಗೆ, ಸರಕಿನ ಹಿಂದೆ. ಯಾರಿಗೂ ಮುಖ ತೋರಿಸಂಗಿಲ್ಲ."

ಪುಣ್ಯಾತ್ಮ ಭಕ್ತಿಯಿಂದ ತಲೆದೂಗಿದ!

ಎಡಕ್ಕೆ ನಕ್ಷತ್ರ ಹೊಲಿದ ಟೋಪಿ ಹಾಕಿದ ದಿನ ನಾನು, ಬಲಕ್ಕೆ ಹೊಲಿದದ್ದು ಹಾಕಿದ ದಿನ ತಮ್ಮ. ಇಬ್ಬರ ರೊಟ್ಟಿ, ಈರುಳ್ಳಿ, ಉಪ್ಪುಮೀನನ್ನು ಒಬ್ಬನೇ ಮುಕ್ಕಿದೆ. ಆದರೆ ಜೋಯಿಲೊಸ್ ಹಾಡುವವನು, ಎಲ್ಲರ ಕೆಲಸಕ್ಕೂ ಕೈಹಾಕುವವನು. ಅವನ ದಿನ ನಾನೂ ಹಾಗೇ ಕುಣಿಯಬೇಕು. ಮರುದಿನ ನನ್ನ ಸರದಿಗೆ ಬರೀ ಆಕಳಿಕೆ.

ತಿಂಗಳೊಳಗೆ ಅಡುಗೆಯ ತ್ರೂಫೊನ್ ಎಡ ನಕ್ಷತ್ರ ಕಂಡೊಡನೆ ಗೊಣಗತೊಡಗಿದ: "ಥೂ, ಇವತ್ತು ಈ ಸೋಮಾರಿ ದಿನಾನಾ? ನಿನ್ ತಮ್ಮನ್ನ ನೋಡಿ ಕಲಿಯೋ!"

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಟ್ಟ ಮಹಾನುಭಾವ ನಾನು.

ಸಮೊಥ್ರಾಕಿ ದ್ವೀಪದಲ್ಲಿ ಸಿಕ್ಕಿಬಿದ್ದೆ. ಅಲ್ಲಿನ ಗುಡಿಯಲ್ಲಿ ಗುಟ್ಟಿನ ದೀಕ್ಷೆ ಪಡೆದು ಸೊಂಟಕ್ಕೆ ಕೆನ್ನೇರಳೆ ಪಟ್ಟಿ ಕಟ್ಟಿಕೊಂಡವನನ್ನು ಕಡಲು ನುಂಗುವುದಿಲ್ಲ. ಅಂಥವರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ಹೆಗೇಸಿಯಸ್ ಎಲ್ಲರನ್ನೂ ಕರೆದೊಯ್ದ. ಅವಳಿಗಳು ಒಟ್ಟಿಗೇ ಒಳಗೆ ಬರಬೇಕು ಎಂದ ಪೂಜಾರಿ. ಎರಡು ಟೋಪಿ ಹಿಡಿದು ಒಬ್ಬನೇ ನಿಂತೆ. ಬೆವರಿದೆ, ತೊದಲಿದೆ, ಕೊನೆಗೆ ಗೊಳೋ ಎಂದು ಅತ್ತೆ. ಅರ್ಧ ನಿಜ ಮಾತ್ರ ಹೊರಬಂತು.

"ಒಬ್ಬ ಹೋಗ್ಬಿಟ್ಟ ಯಜಮಾನ್ರೇ."

ಹೆಗೇಸಿಯಸನ ಮುಖ ಬಿಳಿಚಿತು. "ಯಾವನೋ ಹೋದೋನು?"

"ಅಯ್ಯೋ, ಜೋಯಿಲೊಸ್ ಅಂತ ಮಾತ್ರ ಅನ್ಬೇಡ ಕಣೋ," ಎಂದ ತ್ರೂಫೊನ್.

ಎಲ್ಲರ ಮುಖವನ್ನೂ ಒಮ್ಮೆ ನೋಡಿದೆ. ಬಲ ನಕ್ಷತ್ರದ ಟೋಪಿಯನ್ನು ತಲೆಗಿಟ್ಟುಕೊಂಡೆ.

"ಮೆನಿಸ್ಕೊಸ್," ಎಂದೆ.

"ಸದ್ಯ! ಬದುಕಿದ್ವಿ," ಎಂದು ತ್ರೂಫೊನ್ ಉಸಿರುಬಿಟ್ಟ.

"ಹೋಗ್ಲಿ ಬಿಡು. ದೀಕ್ಷೆ ಆದ್ಮೇಲೆ ಒಂಟಿಯಾದ್ರೂ ಭಯ ಇಲ್ಲ," ಎಂದು ಹೆಗೇಸಿಯಸ್ ನನ್ನ ಬೆನ್ನು ತಟ್ಟಿದ. "ಬಾರೋ ಜೋಯಿಲೊಸ್."

ನನ್ನ ಸಾವಿಗೆ ಅತ್ತವನು ನಾನೊಬ್ಬನೇ. ಕಲ್ಲಿನಲ್ಲಿ ತಮ್ಮನ ಹೆಸರು ಕೆತ್ತಿದರು. ಇಪ್ಪತ್ತು ವರ್ಷದಿಂದ ದಿನವೂ ಅವನ ಸರದಿಯೇ.