ಕೆಂಡಮ್ಮನ ಮನೆಯ ಮೂಕ ಫೋನು

ಆ ಬೀದಿಗೆ ಬಂದು ಅವಳ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಂಡಮ್ಮನ ಮನೆ ಯಾವುದು ಅಂದರೆ ಮಾತ್ರ, ಹಾಲು ಹಾಕುವವನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬೆರಳೂ ಒಂದೇ ಬಾಗಿಲಿನ ಕಡೆ ತಿರುಗುತ್ತಿತ್ತು. ಅವಳದು ಇಸ್ತ್ರಿ ಕೆಲಸ. ಮೊದಲು ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದವಳು, ಆಮೇಲೆ ಕರೆಂಟಿನದಕ್ಕೆ ಬಂದವಳು. ಇದ್ದಿಲು ಹೋದರೂ ಹೆಸರು ಹೋಗಲಿಲ್ಲ. ಕೆಂಡ ಬರೀ ಪೆಟ್ಟಿಗೆಯಲ್ಲಿ ಇರಲಿಲ್ಲವಲ್ಲ! ಅಂಗಿ ಜೇಬಿನಲ್ಲಿ ಪೆನ್ನು ಮರೆತು ಕೊಟ್ಟವರು ಅವಳ ಬಾಯಿಗೆ ಬಿದ್ದು ವಾರಗಟ್ಟಲೆ ಆ ಬೀದಿಗೆ ಕಾಲಿಡದೆ ಸುತ್ತು ಹಾಕಿಕೊಂಡು ಓಡಾಡಿದ್ದುಂಟು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒತ್ತಿ ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ. ಒಳಗೆ ನಡುಕೋಣೆ, ಅಡುಗೆಮನೆ, ಅಷ್ಟೆ. ಮನೆಯ ವೈರಿಂಗು ಅವಳ ಮಾವನ ಕಾಲದ್ದು. ಒಮ್ಮೆ ಇಸ್ತ್ರಿಪೆಟ್ಟಿಗೆ, ಫ್ಯಾನು, ನೀರು ಕಾಯಿಸುವ ಕಾಯಿಲು ಮೂರೂ ಒಟ್ಟಿಗೆ ಉರಿದು, ತಂತಿ ಕರಗಿ, ಗೋಡೆಯಿಂದ ಹೊಗೆ ಎದ್ದು, ಮದುಮಗನೊಬ್ಬನ ಕೋಟು ಮೇಜಿನ ಮೇಲೇ ಬೂದಿಯಾಗಿತ್ತು. ಅವತ್ತೇ ಅವಳು ಬಾಗಿಲ ಪಕ್ಕ ಒಂದು ದೊಡ್ಡ ಸ್ವಿಚ್ಚು ಹಾಕಿಸಿದಳು. ಇಸ್ತ್ರಿ ಕಾಯುತ್ತಿರುವಷ್ಟು ಹೊತ್ತೂ ಒಳಮನೆಗೆ ಕರೆಂಟಿಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಆರಿಸಿದರೆ ಮತ್ತೆ ಹಾಕುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಈಗ ಅವಳ ಕೈ ಆ ಸ್ವಿಚ್ಚನ್ನು ಕಣ್ಣಿನ ಅಪ್ಪಣೆ ಕೇಳದೆ ಆರಿಸುತ್ತಿತ್ತು.

ಕತ್ತಲ ನಡುಕೋಣೆಯಲ್ಲಿ ಹಗಲು ಹೊತ್ತು ಜೀವ ಇದ್ದದ್ದು ಒಂದಕ್ಕೇ, ಹಳೆಯ ಫೋನಿಗೆ. ಅದು ತಂತಿಯಲ್ಲೇ ತನ್ನ ಕರೆಂಟನ್ನು ತಂದುಕೊಳ್ಳುತ್ತಿತ್ತು. ದಿನಾ ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೆ ಹೋಗಿ ಮನೆ ಖಾಲಿಯಾದ ಮೇಲೆ, ಪಟ್ಟಣದ ಆ ತುದಿಯಿಂದ ಅಕ್ಕ ಫೋನು ಮಾಡುತ್ತಿದ್ದಳು. ಅಕ್ಕನಿಗೆ ಕಣ್ಣು ಮಂಜು. ಅಂಕಿ ಕಾಣುತ್ತಿರಲಿಲ್ಲ, ಆದರೆ ತಂಗಿಯ ನಂಬರು ಅವಳ ಬೆರಳಿಗೇ ಬರುತ್ತಿತ್ತು.

ಅಕ್ಕನ ಕೋಣೆಯನ್ನು ಮಗ ಬಾಡಿಗೆಗೆ ಕೊಟ್ಟು, ಅವಳ ಮಂಚವನ್ನು ಹಜಾರದ ಮೂಲೆಗೆ ಎಳೆದು ಹಾಕಿದ್ದ. ಅದನ್ನು ಕೇಳಿದ ದಿನ ಕೆಂಡಮ್ಮ ಫೋನಿನಲ್ಲೇ ಕೂಗಿದ್ದಳು: "ಇವತ್ತೇ ಬಂದು ಕರ್ಕೊಂಡು ಬರ್ತೀನಿ!"

"ಬೇಡ ಕಣೇ. ನೀನು ಬಂದ್ರೆ ಜಗಳ ಮಾಡ್ತೀಯ. ನಂಗೂ ಸ್ವಲ್ಪ ಯೋಚ್ನೆ ಮಾಡೋಕೆ ಬಿಡು. ಹೊರಡೋದು ಅಂತ ಮನಸ್ಸು ಗಟ್ಟಿಯಾದ ದಿನ ನಾನೇ ಫೋನ್ ಮಾಡ್ತೀನಿ. ಆಗ ಬಾ."

"ನೀನು ಒಂದು ಮಾತು ಹೇಳು, ಕಾದ ಪೆಟ್ಟಿಗೆ ಬಿಟ್ಟು ಬರ್ತೀನಿ," ಅಂದಿದ್ದಳು ಕೆಂಡಮ್ಮ.

ಇದಾದ ವಾರದಲ್ಲೇ, ಒಂದು ಬೆಳಗ್ಗೆ ತಿಂಡಿಯ ಹೊತ್ತಿಗೆ, ಫೋನ್ ಕಂಪನಿಯವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದ. ಹಳೇ ತಂತಿ ತೆಗೀತಾ ಇದ್ದೀವಿ, ಇನ್ನು ಮೇಲೆ ಎಲ್ಲ ಫೈಬರ್ರು, ಫೋನೂ ಇಂಟರ್ನೆಟ್ಟಿನಲ್ಲೇ ಬರುತ್ತೆ, ನಂಬರು ಅದೇ ಇರುತ್ತೆ ಅಂದ. ಕೆಂಡಮ್ಮನ ಗಂಡ ಬಸ್ ಕಂಡಕ್ಟರು, ಅವತ್ತು ರಜೆ. ಮೊಬೈಲಿನಲ್ಲಿ ಸಿನಿಮಾ ನೋಡಬಹುದು ಅಂತ ಅವನು ಹಿಗ್ಗಿ ಹೀರೇಕಾಯಿಯಾದ. ಕಂಪನಿಯವನು ನಡುಕೋಣೆಯ ಬೀರುವಿನ ನೆತ್ತಿಯ ಮೇಲೆ ರೂಟರಿನ ಬಿಳಿ ಡಬ್ಬಿ ಇಟ್ಟ, ಅದರ ಬೆನ್ನಿಗೆ ಹಳೇ ಫೋನಿನ ತಂತಿ ಚುಚ್ಚಿದ, ಹಸಿರು ದೀಪಗಳು ಮಿಣಮಿಣ ಅಂದವು.

"ವೈಫೈಗೆ ಏನು ಹೆಸರು ಇಡ್ಲಿ ಸಾರ್?"

"ಕೆಂಡ ಅಂತ ಇಡಪ್ಪ. ಪಕ್ಕದ ಮನೆಯೋರು ಮುಟ್ಟೋಕೂ ಹೆದರ್ತಾರೆ," ಅಂದ ಗಂಡ.

"ಪಾಸ್‌ವರ್ಡು? ಗುಟ್ಟಾಗಿರಬೇಕು."

"ಗುಟ್ಟನ್ನ ನಿನ್ನ ಮುಂದೆ ಒದರಿದ್ರೆ ಅದಿನ್ನೆಂಥ ಗುಟ್ಟು?" ಅಂದಳು ಕೆಂಡಮ್ಮ. ಆದರೂ ಗಂಡ ಏನೋ ಒದರಿದ. ಕಂಪನಿಯವನು ಸಿನಿಮಾ ತೋರಿಸಿದ, ಫೋನು ಹೊಡೆಸಿ ತೋರಿಸಿದ, ಹೆಲ್ಮೆಟ್ಟು ಹಾಕಿಕೊಂಡು ಹೋದ.

ಮಾರನೆಯ ದಿನ ಮಧ್ಯಾಹ್ನ ಫೋನು ಹೊಡೆದುಕೊಳ್ಳಲಿಲ್ಲ. ಅಕ್ಕ ಮಲಗಿರಬೇಕು ಅಂದುಕೊಂಡಳು. ಅದರ ಮಾರನೆಯ ದಿನವೂ ಇಲ್ಲ. ಹೋಗಿ ಎತ್ತಿ ಕಿವಿಗಿಟ್ಟರೆ ಗುಂಯ್ ಅನ್ನುವ ಸದ್ದೂ ಇಲ್ಲ, ಕಲ್ಲು ಎತ್ತಿ ಕಿವಿಗೆ ಇಟ್ಟುಕೊಂಡ ಹಾಗೆ. ಕೆಂಡಮ್ಮನ ಮೈಯೆಲ್ಲ ಉರಿಯಿತು. ಮೊಬೈಲು ಗಂಡನ ಜೊತೆ ಬಸ್ಸಿನಲ್ಲಿ ಊರೂರು ಸುತ್ತುತ್ತಿತ್ತು. ಅವನು ಸಂಜೆ ಬರುವವರೆಗೂ ಸಿಟ್ಟನ್ನು ಅಂಗಿಗಳ ಕಾಲರಿನ ಮೇಲೆ ಒತ್ತಿ ಒತ್ತಿ ತೀರಿಸಿಕೊಂಡಳು. ಅವನು ಬಂದ, ದೀಪ ಹಾಕಿದ, ಕೈಕಾಲು ತೊಳೆದು ಬಂದು ಫೋನೆತ್ತಿದ.

"ಚೆನ್ನಾಗೇ ಇದೆಯಲ್ಲೇ!"

"ಮಧ್ಯಾಹ್ನ ಸತ್ತಿತ್ತು."

"ನಿನ್ನ ಹೆದರಿಕೆಗೆ ಸತ್ತ ಹಾಗೆ ನಟಿಸಿರಬೇಕು."

ಅವನ ಕಡೆ ಅವಳು ಬೀರಿದ ನೋಟಕ್ಕೆ ಅಂಗಿಯ ಸುಕ್ಕೇ ಹೋಗುವಂತಿತ್ತು. ತಾನೇ ಅಕ್ಕನ ಮನೆಗೆ ಮಾಡಿದಳು. ಸೊಸೆ ಎತ್ತಿ, "ಅತ್ತೆ ಮಲಗಿದ್ದಾರೆ," ಅಂದು ಇಟ್ಟಳು. ಮರುದಿನವೂ ಅದೇ ಮಾತು. ದೀಪ ಹಚ್ಚುವ ಹೊತ್ತಿಗೆ ಯಾವ ಜೀವ ಮಲಗುತ್ತದೆ?

ಕಂಪನಿಗೆ ದೂರು ಹೋಯಿತು. ಅದೇ ಹೆಲ್ಮೆಟ್ಟಿನವನು ಮಧ್ಯಾಹ್ನವೇ ಬಂದ. ಎಷ್ಟೇ ಸಿಟ್ಟಿದ್ದರೂ ಮನೆಗೆ ಬಂದವನನ್ನು ಕತ್ತಲಲ್ಲಿ ಬೆವರಿಸುವುದೇ? ಕೆಂಡಮ್ಮ ಇಸ್ತ್ರಿ ಆರಿಸಿ, ಒಳಗಿನ ಸ್ವಿಚ್ಚು ಹಾಕಿ, ಅವನ ತಲೆಯ ಮೇಲೆ ಫ್ಯಾನು ಬಿಟ್ಟು, ಕುಡಿಯಲು ನೀರು ಕೊಟ್ಟಳು. ಅವನು ನೀರು ಕುಡಿದು, ಬಿಸಿಲಿನ ಬಗ್ಗೆ ಎರಡು ಮಾತಾಡಿ, ಫೋನೆತ್ತಿದ. ಗುಂಯ್ ಅಂತ ಸದ್ದು.

"ಏನೂ ತೊಂದ್ರೆ ಇಲ್ಲಮ್ಮ."

"ಈಗ ತಾನೇ ಸತ್ತಿತ್ತು!"

"ಲೈನು ಚೆನ್ನಾಗಿದೆ. ನಿಮಗೆ ಕೇಳಿಸಿಲ್ಲವೇನೋ," ಅಂದು ಅವನು ತನ್ನ ಕಿವಿ ಮುಟ್ಟಿ ತೋರಿಸಿದ.

ಅವನು ಹೋದ ಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಎದುರು ಮನೆಯ ಮೇಷ್ಟ್ರು ಕಿಟಕಿ ಹಾಕಿಕೊಂಡರು ಅಂದರೆ ಸಾಕು.

ದಿನಗಳು ಹೋದವು. ಎರಡನೇ ಸಲ ದೂರು ಕೊಟ್ಟಾಗ ಬಂದವನಿಗೂ ಅದೇ ಫ್ಯಾನು, ಅದೇ ನೀರು. ಅವನೂ ಅದೇ ಮಾತು ಹೇಳಿ ಹೋದ. ಕೆಂಡಮ್ಮನಿಗೆ ಊಟ ರುಚಿಸುತ್ತಿರಲಿಲ್ಲ. ಅಕ್ಕ ಕರೆದಳೋ, ಕರೆಯಲಿಲ್ಲವೋ? ಕರೆದು ಕರೆದು ಸಾಕಾಗಿ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಾಳೋ? ಹೋಗಿಬಿಡೋಣ ಅಂದರೆ, ಕರೆಯುವ ಮೊದಲು ಬರಬೇಡ ಅಂದ ಮಾತು ಕಾಲಿಗೆ ತೊಡರುತ್ತಿತ್ತು.

ಮೂರನೆಯ ಸಲ ಹೆಲ್ಮೆಟ್ಟಿನವನೇ ಬಂದ. ಈ ಸಲ ಕೆಂಡಮ್ಮ ಅವನನ್ನು ಕೂರಿಸಲಿಲ್ಲ, ಇಸ್ತ್ರಿಯನ್ನೂ ಬಿಡಲಿಲ್ಲ. ಒಂದು ಹಾಸಿಗೆ ಹೊದಿಕೆಯನ್ನು ಉಜ್ಜುತ್ತಾ, ಗದ್ದ ಎತ್ತಿ ಒಳಗೆ ತೋರಿಸಿದಳು. ಬೆವರಲಿ. ಸುಳ್ಳುಗಾರನಿಗೆ ಫ್ಯಾನು ಬೇರೆ ಕೇಡು!

ಅವನು ತಡವರಿಸುತ್ತಾ ಒಳಗೆ ಹೋದ. ಅಲ್ಲಿಂದಲೇ ಕೂಗಿದ.

"ಅಮ್ಮಾ, ಇಲ್ಲಿ ಕರೆಂಟೇ ಇಲ್ಲ!"

"ಇಸ್ತ್ರಿ ಕಾಯೋವಾಗ ಎಲ್ಲಿಂದ ಇರುತ್ತೆ?"

"ಕರೆಂಟಿಲ್ಲದೆ ಡಬ್ಬಿ ಹೇಗೆ ಓಡುತ್ತಮ್ಮ? ಡಬ್ಬಿ ಓಡದೆ ಫೋನ್ ಹೇಗೆ ಬರುತ್ತೆ?"

ಕೆಂಡಮ್ಮನ ಕೈ ನಿಂತಿತು. ಹೊದಿಕೆ ಕಮರು ವಾಸನೆ ಬಿಟ್ಟಾಗ ಎಚ್ಚೆತ್ತು ಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ನನ್ನ ಹಳೇ ಫೋನು ಕತ್ತಲಲ್ಲೂ ಹೊಡ್ಕೊಳ್ತಿತ್ತು."

"ಅದು ಬೇರೆ, ಇದು ಬೇರೆ."

"ಬೇರೆ ಅಂತ ಅವತ್ತೇ ಯಾಕೆ ಬೊಗಳಲಿಲ್ಲ? ಸಿನಿಮಾ ತೋರಿಸಿದೆ, ಹೆಸರು ಕೇಳಿದೆ, ಗುಟ್ಟು ಕೇಳಿದೆ. ಇದಕ್ಕೆ ಕರೆಂಟು ಬೇಕು ಅನ್ನೋ ಒಂದು ಮಾತು ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿತ್ತಾ?"

"ಎಲ್ಲರಿಗೂ ಗೊತ್ತಿರೋದೇ ಅಲ್ವೇನಮ್ಮ ಅದು..."

"ಎಲ್ಲರೂ ಅಂದ್ರೆ ಯಾರು? ಕರ್ಕೊಂಡು ಬಾ ನೋಡೋಣ!"

ಅವನು ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡ. ಒಂದು ಸಣ್ಣ ಬ್ಯಾಟರಿ ಇಟ್ಟರೆ ಕರೆಂಟು ಹೋದರೂ ಫೋನು ಬರುತ್ತೆ, ತಂದು ಕೊಡ್ತೀನಿ ಅಂದ. ಕೆಂಡಮ್ಮನಿಗೆ ಅದು ಕೇಳಿಸಲೇ ಇಲ್ಲ. ಕಂಪನಿಯ ಮೇಲೆ ಎಸೆದ ಬೈಗುಳಗಳೆಲ್ಲ ತಿರುಗಿ ಅವಳ ಕಡೆಗೇ ಬರುತ್ತಿದ್ದವು. ದಿನಾ ಬೆಳಗ್ಗೆ ಅಕ್ಕನ ಬಾಯಿ ಮುಚ್ಚಿದ ಕೈ ಯಾರದು? ತನ್ನದೇ. ಆ ಕೈಯನ್ನು ಮೇಜಿನ ಮೇಲೆ ಬಡಿದಳು. ಇಸ್ತ್ರಿ ಆರಿಸಿ, ಅವನನ್ನು ಹೊರಗೆ ಅಟ್ಟಿ, ಅಂಗಡಿಗೆ ಬೀಗ ಜಡಿದು, ಸಿಕ್ಕ ಬಸ್ಸು ಹತ್ತಿದಳು.

ಅಕ್ಕ ಹಜಾರದ ಮೂಲೆಯ ಮಂಚದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು.

"ಯಾರು?"

"ನಾನು ಕಣೇ, ನಿನ್ನ ತಂಗಿ."

"ಇದ್ದಳು ಒಬ್ಬಳು ತಂಗಿ. ಬಾ ಬಾ ಅಂತ ಕರೆದು, ನಾನು ಹೊರಡ್ತೀನಿ ಅಂದಾಗ ಫೋನೆತ್ತೋದೇ ಬಿಟ್ಟಳು."

"ಅಕ್ಕಾ..."

"ದಿನಾ ಮಧ್ಯಾಹ್ನ ಮಾಡಿದೆ. ಯಾವಳೋ ಒಬ್ಬಳು ಬಂದು, ಸಂಪರ್ಕಕ್ಕೆ ಸಿಗ್ತಿಲ್ಲ ಅಂತಾಳೆ. ಯಾರೇ ಅವಳು, ನೀನಿಟ್ಟ ಕಾವಲುಗಾತೀನಾ? ಅವಳಿಗೂ ಬಾಯಿಗೆ ಬಂದ ಹಾಗೆ ಬೈದೆ. ಕಲ್ಲಿನಂಥವಳು, ಮತ್ತೆ ಅದನ್ನೇ ಹೇಳ್ತಾಳೆ."

ಕೆಂಡಮ್ಮ ಮಂಚದ ಹತ್ತಿರಕ್ಕೆ ಬಂದಳು. ಡಬ್ಬಿಯ ಕತೆ, ಸ್ವಿಚ್ಚಿನ ಕತೆ ಎಲ್ಲ ಹೇಳಿದಳು. "ಆರಿಸಿದ್ದು ನಾನೇ. ಗೊತ್ತಿಲ್ಲದೆ ಆರಿಸಿದೆ. ಏಳು, ಚೀಲ ಎಲ್ಲಿ?"

"ಚೀಲ ತುಂಬಿದ್ದೆ. ನಿನ್ನೆ ಮತ್ತೆ ಬಿಚ್ಚಿಟ್ಟೆ." ಅಕ್ಕ ಈಗ ಇತ್ತ ತಿರುಗಿದಳು. "ಈ ಮನೇಲಿ ನಾನು ಕೂಗಿದ್ರೆ ಯಾರೂ ಕೇಳಲ್ಲ. ಅದು ಸಾಕಾಗಿ ನಿನ್ನ ಹತ್ರ ಬರ್ತೀನಿ ಅಂದಿದ್ದು. ನಿನ್ನ ಮನೇಲೂ ಹಾಗೇ ಆದ್ರೆ? ಇವತ್ತು ಬರಲ್ಲ. ನಾಳೆ ಮಧ್ಯಾಹ್ನ ಮಾಡ್ತೀನಿ. ನೀನು ಎತ್ತಿದ್ರೆ ಮಾತು, ಇಲ್ಲಾಂದ್ರೆ ಇಲ್ಲ."

"ಎದುರಿಗೇ ನಿಂತಿದೀನಲ್ಲೇ, ಈಗಲೇ ಹೊರಡೋಕೆ ಏನು ಧಾಡಿ?"

"ನಾಳೆ," ಅಂದು ಅಕ್ಕ ಮತ್ತೆ ಬೆನ್ನು ತಿರುಗಿಸಿದಳು. ಕೆಂಡ ಆ ಮನೆತನದಲ್ಲಿ ಒಬ್ಬಳ ಪಾಲಿಗೇ ಬಂದದ್ದಲ್ಲ.

ಮರುದಿನ ಆ ಬೀದಿ ಹಿಂದೆಂದೂ ಕಾಣದ್ದನ್ನು ಕಂಡಿತು. ಕೆಂಡಮ್ಮನ ಇಸ್ತ್ರಿ ತಣ್ಣಗೆ ಮಲಗಿತ್ತು. ಬಟ್ಟೆಯ ಗಂಟುಗಳು ಬಾಗಿಲವರೆಗೆ ಬೆಳೆದಿದ್ದವು. ಒಳಗೆ ಫ್ಯಾನು ತಿರುಗುತ್ತಿತ್ತು, ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಅವಳು ಕೂತಿದ್ದಳು. ಕರಿಕೋಟಿಗಾಗಿ ಬಂದ ವಕೀಲರು ಬಾಗಿಲಲ್ಲಿ ಕುಣಿಯುತ್ತಿದ್ದರು.

"ಅಮ್ಮಾ, ಮಧ್ಯಾಹ್ನ ನಾನು ಕೋರ್ಟಲ್ಲಿ ನಿಲ್ಲಬೇಕು!"

"ಸುಕ್ಕು ಕೋಟಲ್ಲೇ ನಿಲ್ಲಿ ಸಾರ್. ಜಡ್ಜು ಏನು ನಿಮ್ಮ ಕೋಟು ನೋಡಿ ತೀರ್ಪು ಕೊಡ್ತಾರಾ?"

"ಏನಾಗಿದೆ ನಿಮಗಿವತ್ತು?"

"ಇನ್ನೊಂದು ಮಾತಾಡಿದ್ರೆ ಕೋಟು ಇಲ್ಲೇ ಇರುತ್ತೆ, ನೀವು ಮಾತ್ರ ಹೋಗ್ತೀರ."

ಬಿಸಿಲು ಹೊಸಿಲು ದಾಟಿತು. ಫೋನು ಸುಮ್ಮನಿತ್ತು. ಅವಳು ಎದ್ದು ಹಸಿರು ದೀಪ ನೋಡಿದಳು, ಕೂತಳು, ಮತ್ತೆ ಎದ್ದಳು. ಮತ್ತೆ ಕೂರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಳು ಅದನ್ನು ಕಿತ್ತುಕೊಂಡಂತೆ ಎತ್ತಿದಳು.

"ಬೆಳಗ್ಗೆಯಿಂದ ಕಾಯ್ತಾ ಇದೀನಿ! ಇಷ್ಟು ಹೊತ್ತು ಏನು ಕಡಿದು ಕಟ್ಟೆ ಹಾಕ್ತಿದ್ದೆ?"



"ನಿನ್ನ ಸಿಟ್ಟು ಇಳೀಲಿ ಅಂತಿದ್ದೆ," ಅಂದಳು ಅಕ್ಕ.

"ಇಳಿದಿಲ್ಲ."

"ನಂದೂ ಇಳಿದಿಲ್ಲ. ಬಾ, ಚೀಲ ತುಂಬಿದೀನಿ."

ಕೆಂಡಮ್ಮ ಚಪ್ಪಲಿ ಮೆಟ್ಟಿಕೊಂಡು, ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದ ವಕೀಲರನ್ನು ಪಕ್ಕಕ್ಕೆ ಸರಿಸಿ, ಬಸ್ಸಿನ ಕಡೆಗೆ ಓಡುನಡಿಗೆಯಲ್ಲಿ ಹೊರಟಳು.